ಇಸ್ತ್ರಿ ಬಟ್ಟೆಗೊಂದು ಉದ್ದ ಕಾರು

ಆಗ ನನಗೆ ಎಪ್ಪತ್ತೊಂದು ವರ್ಷ. ಮೂರು ವರ್ಷದ ಹಿಂದಿನ ಮಾತು. ಲಂಡನ್ನಿನ ಹೊಗೆ ಸುಂಕದ ಗೆರೆ ದೊಡ್ಡದಾಗಿ ನಮ್ಮ ಫೆಲ್ಥಮ್ ಅನ್ನೂ ಒಳಗೆ ಹಾಕಿಕೊಂಡ ವರ್ಷ ಅದು. ಹಳೆಯ ಡೀಸೆಲ್ ಕಾರು ರಸ್ತೆಗಿಳಿದರೆ ಆ ದಿನದ ಸುಂಕ ಕಟ್ಟಬೇಕು. ಪಕ್ಕದ ಬೀದಿಗೆ ಹೋದರೂ ಅಷ್ಟೇ, ಇಡೀ ದಿನ ಸುತ್ತಿದರೂ ಅಷ್ಟೇ. ನನ್ನದು ಹಳೆಯ ಡೀಸೆಲ್ ಕಾರು. ಅದಿಲ್ಲದಿದ್ದರೆ ನನ್ನ ಕೆಲಸವಿಲ್ಲ. ಅದು ಹೋಗಿ ಇನ್ನೊಂದು ಬರುವವರೆಗೆ ನಡೆದದ್ದನ್ನು ಬರೆಯುತ್ತೇನೆ. ನಾನು ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ, ಕನ್ನಡ ಶಾಲೆಯಲ್ಲಿ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಕೆಲಸ ಇಸ್ತ್ರಿ. ವಿಮಾನ ನಿಲ್ದಾಣದಲ್ಲಿ ದುಡಿಯುವವರ ಯೂನಿಫಾರ್ಮನ್ನು ಮನೆಯಲ್ಲಿ ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿ, ಅವರವರ ಮನೆಗೆ ಮುಟ್ಟಿಸುವುದು. ಜೊತೆಗೆ ನಮ್ಮ ಕರಾವಳಿ ಕಡೆಯ ಹೆಂಗಸರ ಸೀರೆ. ಮದುವೆಯೋ ನಾಮಕರಣವೋ ಇದ್ದಾಗ ಸೀರೆ ಉಡಲು ಬಾರದ ಸಣ್ಣ ಪ್ರಾಯದವರು ನೆರಿಗೆಯನ್ನೆಲ್ಲ ಮೊದಲೇ ಹಿಡಿದು ಇಸ್ತ್ರಿ ಮಾಡಿಕೊಡಿ ಎನ್ನುತ್ತಾರೆ. ಅಂಥ ಸೀರೆಯನ್ನು ಒಮ್ಮೆ ಮಾಡಿದ ಮೇಲೆ ಮಡಚುವಂತಿಲ್ಲ. ನೆರಿಗೆಗೆ ಕ್ಲಿಪ್ಪು ಸಿಕ್ಕಿಸಿ ತೂಗುಹಾಕಿಯೇ ಒಯ್ಯಬೇಕು. ಸಣ್ಣ ಕಾರಿನಲ್ಲಿ ಅದು ನೆಲ ಗುಡಿಸುತ್ತದೆ.

ನನ್ನ ಗಂಡ ವಿಮಾನಕ್ಕೆ ಸಾಮಾನು ಏರಿಸುವ ಕೆಲಸದಲ್ಲಿದ್ದವರು. ಶ್ರೀಮಂತರು ಸಾಕಾಗಿ ಮಾರಿದ ಕಾರನ್ನೇ ಕೊಳ್ಳುತ್ತಿದ್ದರು. ಹೊಸದರಲ್ಲಿ ಮನೆಯಷ್ಟು ಬೆಲೆಯಿದ್ದ ಕಾರು ಹಳತಾದರೆ ಸೈಕಲಿನ ಬೆಲೆಗೆ ಸಿಗುತ್ತದೆ. ರಿಪೇರಿಗೆ ಹೆದರಿ ಯಾರೂ ಮುಟ್ಟುವುದಿಲ್ಲ. ಅವರು ಕೊನೆಗೆ ಕೊಂಡದ್ದು ಒಂದು ಉದ್ದದ ಜರ್ಮನ್ ಕಾರು. ಅದಕ್ಕೆ ಉಕ್ಕಿನ ಸ್ಪ್ರಿಂಗ್ ಇಲ್ಲ, ಚಕ್ರಗಳ ಮೇಲೆ ಗಾಳಿ ತುಂಬಿದ ರಬ್ಬರ್ ಚೀಲಗಳು. ರಸ್ತೆಯ ಉಬ್ಬು ಹತ್ತಿ ಇಳಿದರೂ ಹ್ಯಾಂಗರು ಅಲುಗುವುದಿಲ್ಲ. ಹಿಂದಿನ ಸೀಟನ್ನು ಬಿಚ್ಚಿ ತೆಗೆದು, ಈಚೆ ಬಾಗಿಲಿನ ಮೇಲಿನ ಹಿಡಿಕೆಯಿಂದ ಆಚೆ ಹಿಡಿಕೆಗೆ ಪರದೆಯ ಪೈಪು ಕಟ್ಟಿಕೊಟ್ಟಿದ್ದರು. ಡೀಸೆಲ್ಲೇ ಆಗಬೇಕು ಎನ್ನುವುದು ಅವರ ಹಟ. ಪ್ರಾಯದಲ್ಲಿ ಉಡುಪಿಯಲ್ಲಿ ಟ್ಯಾಕ್ಸಿ ಓಡಿಸಿದವರಿಗೆ ಪೆಟ್ರೋಲ್ ಎಂದರೆ ದುಂದು, ಡೀಸೆಲ್ ಎಂದರೆ ಉಳಿತಾಯ. ಆಗ ಇಲ್ಲಿಯ ಸರಕಾರವೂ ಅದನ್ನೇ ಹೇಳುತ್ತಿತ್ತು. ಡೀಸೆಲ್ಲಿಗೆ ವರ್ಷದ ತೆರಿಗೆ ಕಡಿಮೆ ಇತ್ತು.

ಅವರು ತೀರಿ ನಾಲ್ಕು ವರ್ಷವಾಗಿತ್ತು. ನಮಗೆ ಮಕ್ಕಳಿಲ್ಲ. ಕಾರು ಇತ್ತು, ಓಡಿಸುತ್ತಿದ್ದೆ.

ನನ್ನ ಗಿರಾಕಿಗಳನ್ನು ನಾನು ಕಾಣುವುದೇ ಅಪರೂಪ. ಅವರು ಪಾಳಿಯಲ್ಲಿ ದುಡಿಯುವವರು. ನಾನು ಹೋದಾಗ ಮನೆಯಲ್ಲಿ ಇರುವುದಿಲ್ಲ, ಇದ್ದರೆ ಮಲಗಿರುತ್ತಾರೆ. ಅದಕ್ಕೆ ಮನೆಯ ಬೀಗದ ಕೈಯನ್ನೇ ನನಗೆ ಕೊಟ್ಟಿರುತ್ತಾರೆ. ಬಾಗಿಲು ತೆರೆದು, ಒಗೆದು ಒಣಗಿಸಿದ್ದನ್ನು ಎತ್ತಿಕೊಂಡು, ಇಸ್ತ್ರಿಯಾದದ್ದನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಬರುವುದು. ಅವರನ್ನು ನಾನು ಬಟ್ಟೆಯಿಂದಲೇ ಬಲ್ಲೆ. ಒಬ್ಬನ ಕಾಲರು ಬೇಗ ಸವೆಯುತ್ತದೆ. ಒಬ್ಬಳು ಎಡಗಡೆಯ ಜೇಬಿನಲ್ಲಿ ಶುಂಠಿ ಮಿಠಾಯಿ ಮರೆತಿರುತ್ತಾಳೆ. ಒಬ್ಬಳ ಸ್ಕರ್ಟು ವರ್ಷದಿಂದ ವರ್ಷಕ್ಕೆ ಅಗಲವಾಯಿತು, ಆಮೇಲೆ ಒಮ್ಮೆಗೇ ಸಣ್ಣದಾಯಿತು. ಏನಾಯಿತೆಂದು ಕೇಳಲು ಅವಳು ಸಿಕ್ಕಲಿಲ್ಲ.

ಸುಂಕ ಬರುತ್ತದೆಂದು ತಿಳಿದಾಗ ನಾನು ಹೆದರಲಿಲ್ಲ. ನಮ್ಮ ಊರಿನಲ್ಲಿ ಹೊಗೆ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಇಟ್ಟುಕೊಂಡರೆ ಮುಗಿಯಿತು, ಪೊಲೀಸ್ ಕೈ ಅಡ್ಡ ಹಿಡಿದರೆ ತೋರಿಸಿದರಾಯಿತು. ಇಲ್ಲೂ ಹಾಗೇ ಎಂದುಕೊಂಡೆ. ನಮ್ಮ ಬೀದಿಯ ಆಚೆ ಒಬ್ಬ ಪಂಜಾಬಿ ಮೆಕ್ಯಾನಿಕ್ ಇದ್ದಾನೆ. ನನ್ನ ಅರೆಬರೆ ಹಿಂದಿಗೂ ಇಂಗ್ಲಿಷಿಗೂ ನಗುವುದಿಲ್ಲ. ವರ್ಷದ ಪರೀಕ್ಷೆಗೆ ಮೊದಲು ಒಂದಿಷ್ಟೂ ಹೊಗೆ ಕಾಣಬಾರದು ಎಂದು ಅವನಿಗೆ ಹೇಳಿದೆ. ಹೊಗೆಯನ್ನು ತಿರುಗಿ ಇಂಜಿನ್ನಿಗೆ ಕಳಿಸುವ ವಾಲ್ವನ್ನು ಬಿಚ್ಚಿ, ಒಳಗೆ ಡಾಂಬರಿನ ಹಾಗೆ ಕಟ್ಟಿದ್ದ ಮಸಿಯನ್ನು ಕೆರೆದು ತೆಗೆದ. ಇಂಜೆಕ್ಟರುಗಳ ವಾಶರು ಬದಲಾಯಿಸಿದ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೋಟರ್‌ವೇಯಲ್ಲಿ ಜೋರಾಗಿ ಓಡಿಸಿ ಉಳಿದ ಮಸಿಯನ್ನೂ ಊದಿ ಕಳೆದ. ಪರೀಕ್ಷೆಯಲ್ಲಿ ಕಾರು ಚೆನ್ನಾಗಿ ಪಾಸಾಯಿತು. ಆ ಕಾಗದವನ್ನು ಮುಂದಿನ ಗಾಜಿನ ಒಳಗೆ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಸುಂಕದ ದಿನ ಬಂದ ಮೇಲೂ ನೆಮ್ಮದಿಯಿಂದ ಓಡಾಡಿದೆ.

ದಂಡದ ಕಾಗದಗಳು ಒಟ್ಟೊಟ್ಟಿಗೆ ಬಂದವು. ಒಂದೊಂದರಲ್ಲೂ ನನ್ನ ಕಾರಿನ ಫೋಟೋ. ಅವನ್ನು ಮೆಕ್ಯಾನಿಕ್ಕಿಗೆ ತೋರಿಸಿದೆ. ಇಲ್ಲಿ ತಡೆದು ನಿಲ್ಲಿಸುವವರು ಯಾರೂ ಇಲ್ಲ, ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಮಾತ್ರ ನೋಡುತ್ತದೆ ಎಂದ. ಕಾರು ಯಾವ ವರ್ಷದ್ದು, ಆಗ ಇಂಜಿನ್ನಿಗೆ ಯಾವ ದರ್ಜೆ ಕೊಟ್ಟಿದ್ದರು, ಲೆಕ್ಕಕ್ಕೆ ಬರುವುದು ಅದು. ಈಗ ಹೊಗೆ ಬರುತ್ತದೋ ಇಲ್ಲವೋ ಯಾರೂ ಮೂಸಿ ನೋಡುವುದಿಲ್ಲ. ಇಷ್ಟು ಕೆಲಸ ಮಾಡಿಸುವಾಗ ಯಾಕೆ ಹೇಳಲಿಲ್ಲ ಎಂದು ಜೋರು ಮಾಡಿದೆ. ನೀವು ಪರೀಕ್ಷೆ ಪಾಸಾಗಬೇಕು ಎಂದಿರಿ, ಪಾಸು ಮಾಡಿಸಿದೆ ಎಂದ. ಅವನು ಹೇಳಿದ್ದು ಸರಿ. ದಂಡ ಕಟ್ಟಿದೆ.

ದಿನಾ ಸುಂಕ ಕಟ್ಟಿದರೆ ಇಸ್ತ್ರಿಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಬೇರೆ ದಾರಿ ಹಿಡಿದೆ. ಫೆಲ್ಥಮ್ ಲಂಡನ್ನಿನ ಅಂಚು. ಸ್ವಲ್ಪ ಮುಂದೆ ಸ್ಟಾನ್‌ವೆಲ್ಲಿಗೆ ಹೋದರೆ ಅದು ಬೇರೆ ಕೌಂಟಿ, ಸುಂಕವಿಲ್ಲ. ಒಂದು ದಿನದ ಸುಂಕ ಕಟ್ಟಿ ಕಾರನ್ನು ಗೆರೆಯ ಆಚೆಗೆ ಒಯ್ದು ಒಂದು ಬೀದಿಯಲ್ಲಿ ನಿಲ್ಲಿಸಿದೆ. ಬೆಳಿಗ್ಗೆ ಬಟ್ಟೆಗಳನ್ನು ಬಸ್ಸಿನಲ್ಲಿ ಅಲ್ಲಿಗೆ ಹೊತ್ತು, ಕಾರಿನ ಪೈಪಿಗೆ ತೂಗುಹಾಕಿ, ಆಚೆಕಡೆಯ ಮನೆಗಳಿಗೆ ಮಾತ್ರ ಹೋಗುವುದು. ಈಚೆಯವರಿಗೆ ನಡೆದೇ ಮುಟ್ಟಿಸುವುದು.

ಇಸ್ತ್ರಿಯಾದ ಕೋಟುಗಳನ್ನು ಕೈ ಮೇಲೆತ್ತಿ ಹಿಡಿದು ಬಸ್ಸಿನಲ್ಲಿ ನಿಂತು ನೋಡಬೇಕು. ಮಳೆ ಬಂದ ದಿನ ಪ್ಲಾಸ್ಟಿಕ್ಕಿನ ಒಳಗೆ ಬೆವೆತು ಮುದುರುತ್ತಿದ್ದವು. ತೋಳು ಬಿದ್ದುಹೋಯಿತು. ನಡೆದು ಮುಟ್ಟಿಸುವ ಮನೆಗಳಿಗೆ ತಡವಾಗತೊಡಗಿತು, ಅವರಿಗೆ ಪಾಳಿಗೆ ಹೊತ್ತಿಗೆ ಸರಿಯಾಗಿ ಬಟ್ಟೆ ಬೇಕು. ಒಬ್ಬೊಬ್ಬರೇ ಬೇರೆ ಏರ್ಪಾಡು ಮಾಡಿಕೊಂಡು ಬೀಗದ ಕೈ ವಾಪಸು ಕೇಳಿದರು. ಯಾರೂ ಬೈಯಲಿಲ್ಲ. ಫೋನಿಗೆ ಮೆಸೇಜು ಹಾಕಿದರು, ಕೊನೆಗೊಂದು ಕೈ ಮುಗಿಯುವ ಚಿತ್ರ. ಸ್ಟಾನ್‌ವೆಲ್ಲಿನ ಬೀದಿಯವರು ಕಾರಿನ ಗಾಜಿಗೆ ಚೀಟಿ ಅಂಟಿಸಿದರು, ಇದು ನಿಮ್ಮ ಪಾರ್ಕಿಂಗ್ ಅಲ್ಲ ಎಂದು. ಪಕ್ಕದ ಬೀದಿಗೆ ಒಯ್ದು ನಿಲ್ಲಿಸಿದೆ. ಅಲ್ಲೂ ಅಂಟಿಸಿದರು. ಗಾಳಿ ಚೀಲ ಸೋರುತ್ತಿದ್ದುದರಿಂದ ಓಡಿಸದೆ ಬಿಟ್ಟ ದಿನ ಕಾರು ಹೊಟ್ಟೆಯನ್ನು ನೆಲಕ್ಕೆ ಊರಿ ಕೂತಿರುತ್ತಿತ್ತು. ನೋಡಿದವರಿಗೆ ಬಿಟ್ಟುಹೋದ ಕಾರಿನ ಹಾಗೆ ಕಾಣುವುದು ಸಹಜ.

ಆಗಲೇ ರೇನರ್ಸ್ ಲೇನಿನ ಲಾಂಡ್ರಿಯ ಯಜಮಾನ್ತಿ ಕರೆದದ್ದು. ಉಡುಪಿ ಕಡೆಯವರು, ಬಂಟರ ಪೈಕಿ, ನನಗಿಂತ ಚಿಕ್ಕವರು, ಒಳ್ಳೆಯವರು. ಅವರ ಹಿಂದಿನ ಕೋಣೆಯಲ್ಲಿ ಮೂವರು ಹೆಂಗಸರು ಸಾಲಾಗಿ ನಿಂತು ಕೆಲಸ ಮಾಡುತ್ತಾರೆ. ಒಂದು ಬಟ್ಟೆಯ ಬೊಂಬೆ ಉಂಟು. ಅದಕ್ಕೆ ಅಂಗಿ ತೊಡಿಸಿ ಪೆಡಲ್ ಒತ್ತಿದರೆ ಒಳಗಿಂದ ಹಬೆ ಊದಿ ಅಂಗಿ ತಾನೇ ನೆಟ್ಟಗಾಗುತ್ತದೆ. ನನ್ನನ್ನು ಸೀರೆಗೆ ಹಾಕಿಕೊಂಡರು. ಬಸ್ಸಿನಲ್ಲಿ ಹೌನ್ಸ್ಲೊಗೆ, ಅಲ್ಲಿಂದ ಟ್ಯೂಬಿನಲ್ಲಿ ಆಕ್ಟನ್ನಿಗೆ, ಅಲ್ಲಿ ಇಳಿದು ಇನ್ನೊಂದು ರೈಲಿನಲ್ಲಿ ಹಿಂದಕ್ಕೆ ರೇನರ್ಸ್ ಲೇನಿಗೆ. ಬೆಳಗಿನ ಹೊತ್ತು ಅದರಲ್ಲೇ ಮುಗಿಯುತ್ತಿತ್ತು. ಉಳಿದ ಗಿರಾಕಿಗಳ ಬಟ್ಟೆ ಸಂಜೆಗೆ ಬಿತ್ತು.

ಅಲ್ಲಿ ಮಾತು ನಿಲ್ಲುವುದೇ ಇಲ್ಲ. ಕೌನ್ಸಿಲ್ಲಿನ ಸುದ್ದಿ, ಮಗಳ ಸುದ್ದಿ, ಯಾರ ಮೊಣಕಾಲಿಗೆ ಯಾವ ಜಿಪಿ ಡಾಕ್ಟರು ಏನು ಬರೆದುಕೊಟ್ಟರು ಎಂಬ ಸುದ್ದಿ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಹಂಚಿಕೊಳ್ಳುತ್ತಿದ್ದರು. ನನಗೂ ಬಡಿಸಿದರು. ಅಷ್ಟು ಮನುಷ್ಯರ ನಡುವೆ ನಾನು ಕೂತು ಉಂಡು ಎಷ್ಟೋ ಕಾಲವಾಗಿತ್ತು. ಆದರೂ ಮನಸ್ಸಿಗೆ ಹಿಡಿಸಲಿಲ್ಲ. ಮೂವರಿಗೂ ಅವರದೇ ಹಳೆಯ ಮಾತುಗಳಿದ್ದವು, ಅರ್ಧ ಹೇಳಿದರೆ ಸಾಕು, ಉಳಿದಿಬ್ಬರು ನಗುತ್ತಿದ್ದರು. ನಾನು ನಗಬೇಕಾದರೆ ಅವರು ಮೊದಲಿಂದ ವಿವರಿಸಬೇಕಾಗುತ್ತಿತ್ತು. ಅದು ಯಾರಿಗೂ ಸುಖವಲ್ಲ. ಅಲ್ಲಿ ಬರುವ ಅಂಗಿ ಯಾರದೆಂದೂ ಗೊತ್ತಿಲ್ಲ. ಚೀಟಿ ಚುಚ್ಚಿ ಬರುತ್ತದೆ, ಚೀಟಿ ಚುಚ್ಚಿ ಹೋಗುತ್ತದೆ.

ಆ ಲಾಂಡ್ರಿಗೆ ಅಂಗಿ ಒಯ್ಯಲು ಬರುವವರಲ್ಲಿ ಬೆಂಗಳೂರಿನ ಒಬ್ಬರಿದ್ದರು. ಕಂಪ್ಯೂಟರ್ ಕೆಲಸ, ನಲವತ್ತರ ಆಸುಪಾಸು. ಅವರ ಕಾರು ಅಂಗಡಿಯ ಎದುರಿಗೇ ನಿಲ್ಲುತ್ತಿತ್ತು. ನನ್ನದಕ್ಕಿಂತಲೂ ಒಂದು ಗೇಣು ಉದ್ದ, ಕಡುನೀಲಿ, ಗಾಜಿನಲ್ಲಿ ಮಾರಾಟಕ್ಕಿದೆ ಎಂಬ ಬೋರ್ಡು. ಒಂದು ದಿನ ಹೊರಗೆ ಹೋಗಿ ಹಿಂದಿನ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆ. ಅವರು ಬಂದರು.

"ಬೇಕಾ ಆಂಟಿ? ನಿಮ್ಮ ಮಗಂಗಾ?"

"ನನಗೆ. ಹಿಂದಿನ ಸೀಟು ಬಿಚ್ಚಲಿಕ್ಕೆ ಬರ್ತದಾ?"

"ಅಯ್ಯೋ, ಆ ಲೆದರ್ ಸೀಟಿಗೋಸ್ಕರಾನೇ ಆಂಟಿ ನಾನು ತಗೊಂಡಿದ್ದು. ಅದರಲ್ಲಿ ಮಸಾಜ್ ಇದೆ."

"ಇರಲಿ. ಬಿಚ್ಚಲಿಕ್ಕೆ ಬರ್ತದಾ?"

ಅವರು ನಕ್ಕರು. ಆಮೇಲೆ ಎಲ್ಲ ಹೇಳಿದರು, ಏನೂ ಮುಚ್ಚಿಡಲಿಲ್ಲ. ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಎಣ್ಣೆ ಕುಡಿಯುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಹೆಂಡತಿ ಬ್ಯಾಟರಿ ಕಾರು ತಂದಿದ್ದಾರೆ, ಇದಕ್ಕೆ ಜಾಗವಿಲ್ಲ. ಆದರೆ ಹೊಗೆ ಸುಂಕ ಇದಕ್ಕಿಲ್ಲ. ನಾನು ನಂಬಲಿಲ್ಲ. ಇಷ್ಟು ಕುಡಿಯುವ ಕಾರು ಶುದ್ಧ, ಸ್ವಲ್ಪ ಕುಡಿಯುವ ನನ್ನ ಡೀಸೆಲ್ ಮೈಲಿಗೆಯೇ? ಅವರು ಫೋನಿನಲ್ಲಿ ನಂಬರ್ ಒತ್ತಿ ತೋರಿಸಿದರು. ಕಟ್ಟಬೇಕಾಗಿಲ್ಲ ಎಂದು ಬಂತು. ಪೆಟ್ರೋಲಿಗೆ ಬೇರೆ ನಿಯಮವಂತೆ, ಅದು ಹಳೆಯದಾದರೂ ಪಾಸಾಗುತ್ತದಂತೆ. ವರ್ಷದ ತೆರಿಗೆ ಮಾತ್ರ ಬೇರೆ ಲೆಕ್ಕ, ಅದು ಎಷ್ಟು ಕುಡಿಯುತ್ತದೆ ಎಂಬುದರ ಮೇಲೆ. ಅದರಲ್ಲೂ ಎರಡು ಸಾವಿರದ ಆರನೇ ಇಸವಿಯ ಮಾರ್ಚಿನಲ್ಲಿ ಒಂದು ದಿನ ಉಂಟು. ಅದಕ್ಕಿಂತ ಮೊದಲು ನೋಂದಣಿಯಾದ ಕಾರಿಗೆ ಒಂದು ತೆರಿಗೆ, ಆಮೇಲೆ ನೋಂದಣಿಯಾದ ಅದೇ ಕಾರಿಗೆ ಹತ್ತಿರ ಹತ್ತಿರ ಇಮ್ಮಡಿ. ಇದು ಆ ದಿನಕ್ಕಿಂತ ಮೊದಲಿನದು, ಕಡಿಮೆ ತೆರಿಗೆಯ ಕಡೆ ಬಿದ್ದಿದೆ ಎಂದರು.

ಒಮ್ಮೆ ಕಾಗದ ನಂಬಿ ಕೆಟ್ಟವಳು ನಾನು. ಮೆಕ್ಯಾನಿಕ್ಕಿಗೆ ಅಲ್ಲಿಂದಲೇ ಫೋನ್ ಮಾಡಿ ನಂಬರ್ ಓದಿ ಹೇಳಿದೆ. ಅವನೂ ನೋಡಿ, ಸರಿ ಉಂಟು, ಆದರೆ ಗಾಳಿ ಚೀಲ ನೋಡಿ ಎಂದ. ಅದು ನನಗೇ ಗೊತ್ತಿತ್ತು. ಒಳಗೆ ಹೋಗಿ ಆಗಷ್ಟೇ ನೆರಿಗೆ ಹಿಡಿದು ಇಸ್ತ್ರಿ ಮಾಡಿದ್ದ ನನ್ನದೇ ಒಂದು ಗಂಜಿ ಹಾಕಿದ ಹತ್ತಿ ಸೀರೆಯನ್ನು ಹ್ಯಾಂಗರ್ ಸಮೇತ ತಂದೆ. ಹಿಂದಿನ ಹಿಡಿಕೆಗೆ ಸಿಕ್ಕಿಸಿದೆ.

"ಸೀರೆ ಯಾಕೆ ಆಂಟಿ?"

"ಕಾರು ನೋಡ್ಲಿಕ್ಕೆ. ನೀವು ಓಡಿಸಿ. ಉಬ್ಬು ಇರುವ ಬೀದಿಯಲ್ಲೇ ಹೋಗಿ."

ಅವರು ಓಡಿಸಿದರು. ನಾನು ಹಿಂದಕ್ಕೆ ತಿರುಗಿ ಸೀರೆಯನ್ನೇ ನೋಡುತ್ತಾ ಕೂತೆ. ಉಬ್ಬು ಬಂದಾಗ ಅದು ಉಸಿರು ಬಿಟ್ಟ ಹಾಗೆ ಒಮ್ಮೆ ಆಡಿ ಸುಮ್ಮನಾಗುತ್ತಿತ್ತು. ನೆರಿಗೆ ಒಂದೂ ತಪ್ಪಲಿಲ್ಲ. ಆಮೇಲೆ ನಾನೇ ಓಡಿಸಿದೆ. ಸ್ಟೇರಿಂಗ್ ಬೆಣ್ಣೆಯ ಹಾಗಿತ್ತು. ಅವರು ಪಕ್ಕದಲ್ಲಿ ಬೆಲ್ಟನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು.

"ನಿಜವಾಗ್ಲೂ ನೀವೇ ಓಡಿಸ್ತೀರಾ ಆಂಟಿ ದಿನಾ?"

"ಮತ್ತೆ ನೀವು ಬಂದು ಓಡಿಸುದಾ?"

ಆ ದಿನ ಮಾತು ಕೊಡಲಿಲ್ಲ. ಸುಂಕ ಬೀಳುವ ಹಳೆಯ ಕಾರನ್ನು ಗುಜರಿಗೆ ಹಾಕುವವರಿಗೆ ಲಂಡನ್ ಮೇಯರ್ ಕಚೇರಿ ದುಡ್ಡು ಕೊಡುತ್ತಿತ್ತು, ಅದರಲ್ಲಿ ಈ ಕಾರು ಬರುತ್ತಿತ್ತು. ತೊಂದರೆ ಅದಲ್ಲ. ಬೀಗದ ಕೈಗಳು ಅರ್ಧಕ್ಕರ್ಧ ಹೋಗಿದ್ದವು. ಯಾರಿಗಾಗಿ ಕೊಳ್ಳುವುದು? ಎಪ್ಪತ್ತೊಂದರಲ್ಲಿ ಇಷ್ಟು ಉದ್ದದ ಕಾರು ಯಾಕೆ? ಲಾಂಡ್ರಿಯಲ್ಲಿ ಬೆಚ್ಚಗೆ ಇತ್ತು, ಊಟಕ್ಕೆ ಜನ ಇತ್ತು. ಅಲ್ಲೇ ಇರುತ್ತೇನೆ ಎಂದು ಯಜಮಾನ್ತಿಗೆ ಹೇಳಿಬಿಡಬೇಕೆಂದೇ ಇದ್ದೆ.

ಆ ವಾರ ಕಾರ್ಗೋದಲ್ಲಿ ರಾತ್ರಿಪಾಳಿ ಮಾಡುವ ಗಿರಾಕಿಯೊಬ್ಬ ಬೀಗದ ಕೈ ಕೇಳಿದ. ಕಾಲರು ಬೇಗ ಸವೆಸುವವನು ಅವನೇ. ಒಳಗೆ ಮೇಜಿನ ಮೇಲೆ ಇಟ್ಟು, ಬಾಗಿಲು ಎಳೆದುಕೊಂಡು ಹೋಗಿ, ಧನ್ಯವಾದ ಎಂದು ಬರೆದಿದ್ದ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಹೋದೆ. ಅವನಿರಲಿಲ್ಲ. ಕೊಕ್ಕೆಯಲ್ಲಿ ಯೂನಿಫಾರ್ಮು ತೂಗುತ್ತಿತ್ತು. ಅವನೇ ಇಸ್ತ್ರಿ ಹಾಕಿದ್ದಾನೆ. ತೋಳಿನ ಮೇಲೆ ಎರಡೆರಡು ಗೆರೆ, ಬೆನ್ನಿನಲ್ಲಿ ಬಿಸಿ ಹೆಚ್ಚಾಗಿ ಹೊಳಪು, ಕಾಲರಿಗೆ ಇಸ್ತ್ರಿ ಮುಟ್ಟಿಯೇ ಇಲ್ಲ. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ನಾನು ನೆಟ್ಟಗೆ ಇಟ್ಟ ಅಂಗಿ ಅದು.

ಅಂಗಿಯನ್ನು ಕೊಕ್ಕೆಯಿಂದ ತೆಗೆದು ತೋಳಿನ ಮೇಲೆ ಹಾಕಿಕೊಂಡೆ. ಬೀಗದ ಕೈಯನ್ನು ಮೇಜಿನ ಮೇಲೆ ಇಡಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಮಾತಾಡಿ ವಾಯ್ಸ್ ಮೆಸೇಜು ಕಳಿಸಿದೆ, ಅಂಗಿ ನಾಳೆ ಮಧ್ಯಾಹ್ನ ಬರುತ್ತದೆ, ಮುಂದಿನ ವಾರದಿಂದ ಮೊದಲಿನ ಹಾಗೆ, ಬೇಡವಾದರೆ ಈಗಲೇ ಹೇಳು ಎಂದು. ಮನೆ ಮುಟ್ಟುವಷ್ಟರಲ್ಲಿ ಸರಿ ಎಂದು ಉತ್ತರ ಬಂತು. ಬೆಂಗಳೂರಿನವರಿಗೆ ಫೋನ್ ಮಾಡಿ ಕಾರು ನನಗೆ ಎಂದೆ. ಉಳಿದ ಗಿರಾಕಿಗಳಿಗೂ, ಬಿಟ್ಟು ಹೋದವರಿಗೂ ಅದೇ ಮಾತನ್ನು ಕಳಿಸಿದೆ. ಬಿಟ್ಟವರಲ್ಲಿ ಕೆಲವರು ಮರಳಿದರು, ಕೆಲವರು ಉತ್ತರಿಸಲಿಲ್ಲ.

ಲಾಂಡ್ರಿಯ ಯಜಮಾನ್ತಿಗೆ ಎದುರಿಗೇ ಹೋಗಿ ಹೇಳಿದೆ. ಅವರು ಸೀರೆ ಹರಡುವ ಮೇಜಿಗೆ ಒರಗಿ ನಿಂತರು.

"ನಿಮ್ಗೆ ಮರ್ಳಾ ಬಾಯಮ್ಮ? ಇಲ್ಲಿ ಬೆಚ್ಚಗೆ ನಿಂತು ಕೆಲಸ ಮಾಡುದು ಬಿಟ್ಟು ಆ ಚಳಿಯಲ್ಲಿ ಒಬ್ಬರೇ ತಿರುಗುದಾ?"

"ಹೌದು."

"ಇಲ್ಲಿ ನಾಲ್ಕು ಜನ ಮಾತಾಡ್ಲಿಕ್ಕೆ ಉಂಟು. ಅಲ್ಲಿ ಯಾರುಂಟು ನಿಮ್ಗೆ?"

"ಯಾರೂ ಇಲ್ಲ."

"ಮತ್ತೆ?"

"ಅದು ನನ್ನ ಲೈನು. ನಾನೇ ಹಿಡಿದ ಮನೆಗಳು."

ಹೊರಡುವಾಗ ಅವರು ಡಬ್ಬಿಯಲ್ಲಿ ಕೋರಿರೊಟ್ಟಿ ಕಟ್ಟಿಕೊಟ್ಟರು. ಡಬ್ಬಿ ವಾಪಸು ಕೊಡಲಿಕ್ಕಾದರೂ ಬನ್ನಿ ಎಂದರು.

ಬೆಂಗಳೂರಿನವರು ಕಾರನ್ನು ಫೆಲ್ಥಮ್‌ವರೆಗೆ ತಂದುಕೊಟ್ಟರು. ಮೆಕ್ಯಾನಿಕ್ ಹಿಂದಿನ ಸೀಟು ಬಿಚ್ಚಿದ. ಆ ಮಸಾಜಿನ ವೈರುಗಳಿಂದಾಗಿ ಅವನಿಗೆ ಅರ್ಧ ದಿನ ಹಿಡಿಯಿತು. ಇನ್ಶೂರೆನ್ಸಿನ ಹುಡುಗಿ ಫೋನಿನಲ್ಲಿ ಇನ್ನೊಬ್ಬ ಡ್ರೈವರ್ ಹೆಸರು ಸೇರಿಸಬೇಕೇ, ಸೇರಿಸಿದರೆ ಕಡಿಮೆಯಾಗುತ್ತದೆ ಎಂದಳು. ಸೇರಿಸುವವರು ಇಲ್ಲ ಎಂದೆ. ಪಕ್ಕದ ಮನೆಯವರಾದರೂ ಎಂದಳು. ಅವರ ಹೆಸರು ನನಗೆ ಗೊತ್ತಿರಲಿಲ್ಲ.

ಗುಜರಿಯ ಲಾರಿ ಸ್ಟಾನ್‌ವೆಲ್ಲಿಗೆ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಡೀಸೆಲ್ ಕಾರು ಎಂದಿನಂತೆ ನೆಲಕ್ಕೆ ಕೂತಿತ್ತು. ಲಾರಿಯವನು ಬಗ್ಗಿ ನೋಡಿ, ಹೀಗಿದ್ದರೆ ಎಳೆಯಲಾಗದು, ಅಡಿ ಕಿತ್ತುಬರುತ್ತದೆ ಎಂದ. ನಾನು ಒಳಗೆ ಕೂತು ಇಂಜಿನ್ ಚಾಲೂ ಮಾಡಿದೆ. ಒಂದೇ ಸಲಕ್ಕೆ ಹಿಡಿಯಿತು, ಹೊಗೆ ಒಂದಿಷ್ಟೂ ಇಲ್ಲ. ಗಾಳಿ ತುಂಬುವ ಮೋಟಾರು ಗುರುಗುಟ್ಟತೊಡಗಿತು. ಮೊದಲು ಮುಂದಿನ ಭಾಗ ಎದ್ದಿತು, ಆಮೇಲೆ ನಿಧಾನಕ್ಕೆ ಹಿಂದಿನದು. ಅದು ಪೂರ್ತಿ ಏಳುವವರೆಗೆ ನಾನು ಸುಮ್ಮನೆ ಕೂತೆ. ಲಾರಿಯವನೂ ಸಿಗರೇಟು ಹಚ್ಚಿ ಕಾದ. ಗುಜರಿಗೆ ಹೋಗಲಿಕ್ಕೆ ಎದ್ದು ನಿಲ್ಲಬೇಕಾದ ಕಾರನ್ನು ನಾನು ಅದೊಂದೇ ನೋಡಿದ್ದು.

ಲಾರಿಯ ಹಲಗೆಗೆ ಅವನೇ ಏರಿಸುತ್ತೇನೆಂದ. ದೊಡ್ಡ ಆಸಾಮಿ, ನನ್ನ ಅಳತೆಗೆ ಮುಂದೆ ಸರಿಸಿದ ಸೀಟಿನಲ್ಲಿ ಹೊಟ್ಟೆ ತೂರಲಿಲ್ಲ. ಆ ಕಾರಿನ ಬಾಗಿಲಿನಲ್ಲಿ ಸೀಟಿನ ಅಳತೆ ನೆನಪಿಟ್ಟುಕೊಳ್ಳುವ ಬಟನುಗಳಿದ್ದವು, ಒಂದನೆಯದು ನನ್ನದು, ಎರಡನೆಯದು ನನ್ನ ಗಂಡನದು. ಎರಡನೆಯದನ್ನು ಒತ್ತಿಕೊಟ್ಟೆ. ಸೀಟು ಗುಂಯ್ಯೆಂದು ಹಿಂದೆ ಸರಿದು, ಸ್ವಲ್ಪ ತಗ್ಗಿ, ನಿಂತಿತು. ಅವನು ಆರಾಮವಾಗಿ ಕೂತು ಕಾರನ್ನು ಮೇಲೆ ಹತ್ತಿಸಿದ. ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ. ನಾನು ಬಸ್ಸು ಹಿಡಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಎದ್ದು ಇಸ್ತ್ರಿ ಮುಗಿಸಿ, ನೀಲಿ ಕಾರಿಗೆ ಬಟ್ಟೆಗಳನ್ನು ತೂಗುಹಾಕಿ, ಮೊದಲು ಪೆಟ್ರೋಲ್ ಬಂಕಿಗೆ ಹೋದೆ. ಕೈ ತಾನಾಗಿ ಕಪ್ಪು ನಳಿಗೆಯ ಕಡೆ ಹೋಯಿತು, ಅದು ಡೀಸೆಲ್. ಬಿಟ್ಟು ಹಸಿರನ್ನು ಹಿಡಿದೆ. ತುಂಬಿಸಿ ಒಳಗೆ ಹೋದಾಗ ಗಾಜಿನ ಹಿಂದಿನ ಹುಡುಗಿ ಎಷ್ಟನೇ ಪಂಪು ಎಂದು ಕೇಳಿದಳು. ನಾಲ್ಕು ಎಂದೆ. ಇನ್ನೇನಾದರೂ ಬೇಕೇ ಎಂದಳು. ಬೇಡ ಎಂದೆ. ಆಮೇಲೆ ಮನೆಯಿಂದ ಮನೆಗೆ ಹೋಗಿ ಬಾಗಿಲು ತೆರೆದು, ಕೊಕ್ಕೆಗೆ ಸಿಕ್ಕಿಸಿ, ಬೀಗ ಹಾಕಿ ಬಂದೆ. ಆ ದಿನ ಮತ್ತೆ ಬಾಯಿ ತೆರೆಯುವ ಕೆಲಸ ಬೀಳಲಿಲ್ಲ.